ಎಣ್ಣೆ ಡಬ್ಬಿಯ ಕವಚ

ಬಿಸಿಲಿಗೆ ಕಾದ ಎಣ್ಣೆ ಡಬ್ಬಿಯ ವಾಸನೆ ಬಂದರೆ ಈಗಲೂ ನನಗೆ ನೆನಪಾಗುವುದು ರೋಮನ್ ಸೈನ್ಯ.

ಅಮ್ಮನ ತಮ್ಮ, ನನ್ನ ಮಾಮ, ವಡಾಲದ ಉಡುಪಿ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿದ್ದ. ಅವನಿಗೆ ಎಲ್ಲಿಂದಲೋ ರೋಮಿನ ಹುಚ್ಚು ಹತ್ತಿತ್ತು. ಖಾಲಿ ಡಬ್ಬಿಗಳನ್ನು ಕತ್ತರಿಸಿ ಕವಚ ಮಾಡಿ, ಜೊತೆಯ ಕೆಲಸಗಾರರಿಗೆ ತೊಡಿಸಿ, ರಜೆಯ ಮಧ್ಯಾಹ್ನ ಕಾಲೊನಿಯ ಮೈದಾನದಲ್ಲಿ ಸೈನ್ಯ ನಿಲ್ಲಿಸುತ್ತಿದ್ದ. ಅಂಥ ಒಂದು ದಿನ ನಾನೂ ಅಮ್ಮನೂ ಜನರ ನಡುವೆ ಕೂತು ನೋಡುತ್ತಿದ್ದೆವು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದಿದ್ದ ಮಾಮನ ಕೆಂಪು ಅಂಗಿ ಮೊಣಕಾಲಿನ ಮೇಲೆಯೇ ಮುಗಿದಿತ್ತು.

"ಎರಡು ಸಾವಿರ ವರ್ಷದ ಹಿಂದೆ ಹೀಗೇ ನಿಲ್ತಿದ್ರು," ಎಂದು ಜನರಿಗೆ ಹೇಳಿ, ಸಾಲಿನ ಕಡೆ ತಿರುಗಿ ಕೂಗಿದ: "ಎದುರಿಗೆ ಯಾರೇ ಬರ್ಲಿ, ಅಲುಗಾಡ್ಲಿಕ್ಕಿಲ್ಲ!"

ಆಗಲೇ ಹೋಟೆಲಿನ ಧಣಿ ಬಂದರು. ಯಾರೋ ಕುರ್ಚಿ ಹಾಕಿದರು.

"ಮಾಡಿ ಮಾಡಿ, ನಾನು ಸುಮ್ನೆ ನೋಡ್ಲಿಕ್ಕೆ ಬಂದದ್ದು."

ನಮ್ಮ ಊರ ಕಡೆ ದೊಡ್ಡವರು ಎದುರಾದರೆ ಗಂಡಸರು ಎತ್ತಿ ಕಟ್ಟಿದ ಲುಂಗಿಯನ್ನು ಕೆಳಗೆ ಬಿಡುತ್ತಾರೆ.

ಸಾಲು ಅಲುಗಾಡಲಿಲ್ಲ. ಮಾಮನ ಕತ್ತಿ ಮಾತ್ರ ಕಂಕುಳಿಗೆ ಹೋಯಿತು, ಖಾಲಿಯಾದ ಕೈ ಸೊಂಟವನ್ನು ತಡಕಿತು. ಬಿಚ್ಚಿ ಇಳಿಸಲು ಅಲ್ಲಿ ಏನೂ ಇರಲಿಲ್ಲ.

ಅವನು ಗುರಾಣಿಯನ್ನು ಮೊಣಕಾಲು ಮುಚ್ಚುವಷ್ಟು ಕೆಳಗಿಳಿಸಿದ.