ಸರಿಯುವ ಕುರ್ಚಿಗಳು

ಸುಳ್ಳು ಹೇಳಿದರೆ ಹಿಂದಕ್ಕೆ, ನಿಜ ಹೇಳಿದರೆ ಮುಂದಕ್ಕೆ ಸರಿಯುವ ಕುರ್ಚಿಗಳು ಕಡ್ಡಾಯವಾದ ಮೇಲೆ ಧಾರವಾಡದಲ್ಲೂ ವೈದ್ಯರ ಕೋಣೆಗಳನ್ನು ರೈಲು ಡಬ್ಬಿಯಂತೆ ಉದ್ದಕ್ಕೆ ಕಟ್ಟತೊಡಗಿದ್ದರು.

ಸಕ್ಕರೆ ಕಾಯಿಲೆಯ ಗುರುನಾಥಪ್ಪ ಮಾಸ್ತರರು ಕಾಲ್ಬೆರಳಿನ ಗಾಯ ತೋರಿಸಲು ಡಾಕ್ಟರ್ ಅನಸೂಯಾ ಅವರ ಎದುರು ಕೂತರು.

“ಫೇಡೆ ಬಿಟ್ಟೀರೇನ್ರಿ, ಮಾಸ್ತರ?”

“ಮುಟ್ಟೇ ಇಲ್ರಿ.” ಕುರ್ಚಿ ನಾಲ್ಕು ಅಡಿ ಹಿಂದೆ ಹೋಯಿತು.

“ವಾಕಿಂಗ್?”

“ದಿನಾ ಎರಡು ಮೈಲಿ!” ಕುರ್ಚಿ ಹಿಂದಿನ ಗೋಡೆಗೆ ಬಡಿಯಿತು.

ಮಾಸ್ತರರು ಅಲ್ಲಿಂದಲೇ ಕೂಗಿದರು: “ಬೆರಳು ತಗೀಬೇಕಾಗ್ತದೇನ್ರಿ?”

“ಛೇ, ಏನೂ ಚಿಂತಿಲ್ರಿ,” ಎಂದರು ಡಾಕ್ಟರ್. ಅವರ ಕುರ್ಚಿಯೂ ಹಿಂದಕ್ಕೆ ಸರಿಯಿತು.

ಅದನ್ನು ಕಂಡ ಮಾಸ್ತರರು ಬಾಯಿಬಿಟ್ಟರು: “ದಿನಾ ಎರಡು ಫೇಡೆ ತಿಂತೀನ್ರಿ.” ಕುರ್ಚಿ ಗೋಡೆ ಬಿಟ್ಟು ಅಲುಗಲಿಲ್ಲ. “ಆರು!”

“ನನಗೂ ಅಂಜಿಕಿ ಅದರಿ,” ಎಂದರು ಡಾಕ್ಟರ್. “ಆದ್ರ ಇನ್ನೂ ಉಳಿಸಬಹುದು.”

ಎರಡೂ ಕುರ್ಚಿಗಳು ಮುಂದಕ್ಕೆ ಉರುಳಿ ಹತ್ತಿರ ಬಂದವು. ಡಾಕ್ಟರ್ ಬಗ್ಗಿ ಮಾಸ್ತರರ ಕಾಲನ್ನು ಕೈಗೆತ್ತಿಕೊಂಡರು.