ಓಣಿಗೆ ಅಡ್ಡ ಕಟ್ಟಿದ ಲಂಗಗಳು

ಕಪ್ಪು ಅಂಗಿಯವರು ಓಣಿಗೆ ಕಾಲಿಟ್ಟಾಗ ಟೆರ್ಕಾ ಅಜ್ಜಿ ಒಗೆದ ಲಂಗಗಳನ್ನು ಹಗ್ಗಕ್ಕೆ ಹಾಕುತ್ತಿದ್ದಳು. ಹಗ್ಗವನ್ನು ಅವತ್ತು ಬೆಳಿಗ್ಗೆ ತಾನೇ ಓಣಿಗೆ ಅಡ್ಡಲಾಗಿ ಕಟ್ಟಿದ್ದಳು. ಮೊಮ್ಮಗ ರೆಜೋ ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಹೋದ ವಾರ ಇದೇ ಜನ ಪಕ್ಕದೂರಿನ ನಮ್ಮ ರೋಮಾ ಜನರ ಕೇರಿಗೆ ಬೆಂಕಿ ಇಟ್ಟಿದ್ದರು.

"ಹಂಗೇರಿ ನಮ್ದು, ಮುದುಕಿ. ಈ ಕೊಳಕು ತೆಗಿ," ಎಂದ ಮುಂದಾಳು.

"ಒಗೆದಿದ್ದು ಕಣಪ್ಪ, ನಿನ್ನ ಅಂಗಿಗಿಂತ ಚೊಕ್ಕಟವಾಗಿದೆ. ಬಗ್ಗಿ ಹೋಗು, ಬೆನ್ನೇನೂ ಸವೆಯಲ್ಲ."

ಅವನು ಉಗಿದು, ನಕ್ಕು, ಬಗ್ಗಿದ. ಅವನ ಹಿಂದೆ ನಲವತ್ತು ಜನ ಒಬ್ಬೊಬ್ಬರಾಗಿ ಬಗ್ಗಿದರು. ಬೋಳಿಸಿದ ತಲೆಗಳ ಮೇಲೆ ಲಂಗದ ನೀರು ತೊಟ್ಟಿಕ್ಕಿತು. ನಮ್ಮಲ್ಲಿ ಹೆಂಗಸಿನ ಲಂಗದಡಿ ನುಸುಳಿದ ಗಂಡಸಿಗೆ ಮೈಲಿಗೆ. ಅವನು ಮುಟ್ಟಿದ ಲೋಟವನ್ನು ಒಡೆದು ಬಿಸಾಡುತ್ತೇವೆ. ನಮ್ಮನ್ನು ಹೊಲಸು ಅಂತ ಕೂಗುತ್ತ ಬಂದವರಿಗೆ ಅದೇನು ಗೊತ್ತು? ಕಿಟಕಿಗಳ ಹಿಂದೆ ಇಡೀ ಓಣಿ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿತ್ತು.

"ನಡಿ ಅಜ್ಜಿ, ಅವರು ಆ ಕಡೆ ಹೋದ್ರು. ಈಗ್ಲೇ ಓಡೋಣ," ಎಂದ ರೆಜೋ.

"ಆ ಕಡೆ ಹೊಳೆ ಐತಲ್ಲೋ ದಡ್ಡ. ಅವರು ವಾಪಸ್ಸು ಇಲ್ಲೇ ಬರಬೇಕು. ಹಗ್ಗದಲ್ಲಿ ಇನ್ನೂ ಜಾಗ ಐತೆ, ನಿನ್ನ ಹೆಂಡ್ತೀನ ಕರಿ."

ರೆಜೋ ಅಜ್ಜಿಯ ಮುಖ ನೋಡಿದ. ಆಮೇಲೆ ಮೂಟೆಯನ್ನು ಹೊಸ್ತಿಲ ಮೇಲಿಟ್ಟು ಗಂಟು ಬಿಚ್ಚಿದ.

"ವಿಲ್ಮಾ," ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದ, "ನಿನ್ನ ಲಂಗ ಅಷ್ಟೂ ತಗೊಂಡು ಬಾ."