ಎರಡು ಈರಭದ್ರಪ್ಪ ರಸ್ತೆ

ಆಂಬುಲೆನ್ಸಿನ ಸದ್ದು ಹತ್ತಿರ ಬಂತು, ಇನ್ನೇನು ಗೇಟಿಗೇ ಬಂತು ಅನ್ನುವಷ್ಟರಲ್ಲಿ ಹಿತ್ತಿಲ ಕಡೆಗೆ ಸರಿದು ಅಲ್ಲೆಲ್ಲೋ ನಿಂತುಹೋಯಿತು. ನಡುಮನೆಯ ಮಂಚದ ಮೇಲೆ ಅತ್ತೆ ದುರ್ಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಕೂತರೂ ಅರ್ಧ ಉಸಿರೇ. ತುಟಿ ಆಗಲೇ ನೀಲಿಯಾಗುತ್ತಿತ್ತು. ತೆಂಗಿನ ಸಸಿ ತರುತ್ತೇನೆಂದು ಬೆಳಿಗ್ಗೆಯೇ ಸಖರಾಯಪಟ್ಟಣಕ್ಕೆ ಹೋದ ಗಂಡ ರವಿಕುಮಾರ ಫೋನಿಗೂ ಸಿಕ್ಕಿರಲಿಲ್ಲ.

ಫೋನು ಬಡಿದುಕೊಂಡಿತು. ಆಂಬುಲೆನ್ಸಿನ ಡ್ರೈವರ್.

"ಅಮ್ಮಾ, ನಿಮ್ಮನೆ ಮುಂದೇನೇ ನಿಂತಿದೀವಿ. ಪೇಷೆಂಟ್ ಎಲ್ಲಿ?"

ಮಾಲಿನಿ ಕಿಟಕಿಯಿಂದ ನೋಡಿದಳು. ಗೇಟಿನ ಮುಂದೆ ಜಲ್ಲಿಕಲ್ಲಿನ ರಾಶಿ ಬಿಟ್ಟರೆ ಏನೂ ಇರಲಿಲ್ಲ. "ಎಲ್ಲಣ್ಣಾ ನಿಂತಿದೀರಿ? ಇಲ್ಲಿ ಯಾರೂ ಇಲ್ಲ."

"ಈರಭದ್ರಪ್ಪ ರಸ್ತೆ, ಏಳನೇ ನಂಬರ್ ಅಲ್ವಾ? ಇಲ್ಲೊಬ್ರು ಗೇಟಲ್ಲಿ ನಿಂತವ್ರೆ. ಇಲ್ಲಿ ಯಾರಿಗೂ ಏನೂ ಆಗಿಲ್ಲ ಹೋಗಿ ಅಂತವ್ರೆ."

ಅವಳಿಗೆ ತಿಳಿದುಹೋಯಿತು. ಈರಭದ್ರಪ್ಪ ಅವಳ ಮಾವ. ಅಜ್ಜಂಪುರದ ಅಂಚಿನಲ್ಲಿದ್ದ ಅವರ ಹೊಲ ಸೈಟುಗಳಾಗಿ, ಅವರೂ ತೀರಿಕೊಂಡು, ಮಕ್ಕಳಿಬ್ಬರು ಬೇರೆಯಾದರು. ದೊಡ್ಡವನಾದ ರವಿಕುಮಾರ ತನ್ನ ಪಾಲಿನ ಉದ್ದರಸ್ತೆಗೆ ಅಪ್ಪನ ಹೆಸರಿನ ಕಲ್ಲು ನೆಡಿಸಿದ. ಅಪ್ಪ ಏನು ಅವನೊಬ್ಬನಿಗೇ ಅಪ್ಪನಾ ಎಂದು ಚಿಕ್ಕವನಾದ ಶಶಿ ಹದಿನೈದೇ ದಿನದಲ್ಲಿ ತನ್ನ ಪಾಲಿನ ಅಡ್ಡರಸ್ತೆಗೂ ಅದೇ ಹೆಸರಿಟ್ಟ. ಅವನ ಕಲ್ಲು ಒಂದು ಗೇಣು ಎತ್ತರ. ಎರಡೂ ರಸ್ತೆ ಹಿಟ್ಟಿನ ಗಿರಣಿಯ ಹತ್ತಿರ ಕೂಡುತ್ತವೆ, ಅಲ್ಲಿ ನಿಂತು ಯಾವ ಕಡೆ ತಿರುಗಿದರೂ ಈರಭದ್ರಪ್ಪನೇ. ಮನೆಗಳ ನಂಬರನ್ನೂ ತಂತಮ್ಮ ಕಲ್ಲಿನಿಂದಲೇ ಎಣಿಸಿಕೊಂಡು ಬಂದರು, ಕರ್ಮಕ್ಕೆ ಇಬ್ಬರದ್ದೂ ಏಳೇ ಆಯಿತು. ಪಾಪ, ದುರ್ಗಮ್ಮ ಮಾತ್ರ ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. ಆಟೋ ಹತ್ತಿದರೆ "ಅವರ ರಸ್ತೆಗೆ ಬಿಡಪ್ಪ" ಅನ್ನುತ್ತಿದ್ದಳು.

ಅಣ್ಣತಮ್ಮಂದಿರಿಗೆ ಮೂರು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಅವರ ಗ್ಯಾಸ್ ಸಿಲಿಂಡರ್ ಇವರ ಮನೆಗೆ ಬಂದರೆ, ಇವರ ಕಾಗದ ಅವರ ಮನೆಗೆ ಹೋದರೆ, "ಇಲ್ಲಿ ಅಂಥೋರು ಯಾರೂ ಇಲ್ಲ" ಎಂದು ಬಂದವರನ್ನು ಬಂದ ದಾರಿಗೇ ಅಟ್ಟುವುದು ಎರಡೂ ಮನೆಯ ಪದ್ಧತಿ. ಮಾಲಿನಿಯೇನು ಕಮ್ಮಿಯೇ? ಹೋದ ತಿಂಗಳು ಶಶಿಯ ಮಗಳು ಅನುಪಮಾಳ ಹೆಸರಿಗೆ ಕೊರಿಯರ್ ಬಂದಾಗ, ಗೊತ್ತಿದ್ದೂ ಗೊತ್ತಿದ್ದೂ, ಅದೇ ಮಾತು ಹೇಳಿ ಕಳಿಸಿದ್ದಳು. ಅದು ಕಾಲೇಜಿನ ಸೀಟಿನ ಕಾಗದ, ಆ ಹುಡುಗಿ ಎರಡು ದಿನ ಅತ್ತಿತಂತೆ ಎಂದು ಆಮೇಲೆ ಗಿರಣಿಯ ಕಾಂತಮ್ಮ ಹೇಳಿದಾಗ ಅವಳಿಗೆ ಊಟ ಸೇರಿರಲಿಲ್ಲ. ಈಗ ಅದೇ ಮಾತು ಆಂಬುಲೆನ್ಸಿನ ಜೊತೆ ಅವಳಿಗೇ ವಾಪಸ್ಸು ಬಂದಿತ್ತು.

"ಅಣ್ಣಾ, ಅದು ಬೇರೆ ಈರಭದ್ರಪ್ಪ ರಸ್ತೆ. ಗಿರಣಿ ಹತ್ರ ಬಂದು ತಿರುಗಿ."

"ಗಿರಣಿ ಹತ್ರ ಎರಡು ಸಲ ಸುತ್ತಾಯ್ತು ಕಣಮ್ಮ. ಎಲ್ಲಾ ಕಡೆಗೂ ಅದೇ ಹೆಸರು. ಅಮೃತಾಪುರದಿಂದ ಇನ್ನೊಂದು ಕಾಲ್ ಬಂದೈತೆ. ಸರಿಯಾಗಿ ಹೇಳಿ, ಇಲ್ಲಾಂದ್ರೆ ನಾವು ಹೊರಡ್ತೀವಿ."

ಎಡಕ್ಕೆ ಅನ್ನಬೇಕೋ ಬಲಕ್ಕೆ ಅನ್ನಬೇಕೋ? ಗಾಡಿಯ ಮುಖ ಯಾವ ಕಡೆಗಿದೆಯೋ ಅವಳಿಗೇನು ಗೊತ್ತು? ಓಡಿಹೋಗಿ ಕರೆತರೋಣವೆಂದರೆ, ಮಂಚದ ಪಟ್ಟಿ ಹಿಡಿದಿದ್ದ ದುರ್ಗಮ್ಮನ ಕೈ ಜಾರಿ ಕೆಳಗೆ ಬಿತ್ತು. ಮಾಲಿನಿ ಅತ್ತೆಯನ್ನು ಎದೆಗೆ ಒರಗಿಸಿಕೊಂಡಳು. ಗಂಡ ಏನಾದರೂ ಅಂದುಕೊಳ್ಳಲಿ.

"ಆ ಗೇಟಲ್ಲಿ ನಿಂತವ್ರಲ್ಲ, ಅವ್ರ ಕೈಗೆ ಫೋನ್ ಕೊಡಿ."

"ಯಾರು?" ಶಶಿಯ ದನಿ.

"ಶಶಿ, ನಾನು ಮಾಲಿನಿ. ಅತ್ತೆಗೆ ಉಸಿರು ಸಿಕ್ತಿಲ್ಲ. ಆ ಗಾಡಿ ಬಂದಿರೋದು ಅವ್ರಿಗೇ ಕಣಪ್ಪ."

ಫೋನ್ ಕಟ್ಟಾಯಿತು.

ಮತ್ತೆ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು, ಆಗಲೂ ಇಲ್ಲ. ಕೊರಿಯರಿನ ಹುಡುಗನನ್ನು ತಾನು ಕಳಿಸಿದ ಹಾಗೇ ಅವನೂ ಕಳಿಸಿಬಿಟ್ಟನೇ? ಬೈಯಲಿ, ಬೇಕಾದರೆ ನಾಲ್ಕು ಜನರೆದುರು ಕಾಲಿಗೆ ಬೀಳಿಸಿಕೊಳ್ಳಲಿ, ಗಾಡಿಯನ್ನೊಂದು ವಾಪಸ್ಸು ಅಟ್ಟದಿದ್ದರೆ ಸಾಕು. ಅತ್ತೆಯ ಬೆನ್ನು ಉಜ್ಜುತ್ತಾ ಅವಳು ಸದ್ದಿಲ್ಲದೆ ಅಳತೊಡಗಿದಳು.

ಆಗ ಮತ್ತೆ ಆ ಸದ್ದು ಕೇಳಿತು. ಗಿರಣಿಯ ತಿರುವಿನಿಂದ ಮೊದಲು ಬಂದವನು ಶಶಿ, ಬರಿಗಾಲಲ್ಲಿ, ಲುಂಗಿ ಎತ್ತಿಕಟ್ಟಿ, ಹಿಂದೆ ಬರುವ ಗಾಡಿಗೆ ಕೈ ಬೀಸುತ್ತಾ ಓಡಿ ಬರುತ್ತಿದ್ದ. ಹತ್ತಿಕೊಂಡು ದಾರಿ ತೋರಿಸಬಹುದಿತ್ತಲ್ಲ ಅನ್ನುವುದು ಅವನಿಗೆ ಹೊಳೆದಿರಲೇ ಇಲ್ಲ. ಮೂರು ವರ್ಷದ ಮೇಲೆ ಆ ಹೊಸ್ತಿಲು ದಾಟಿದವನು "ಅವ್ವಾ" ಎಂದ, ಅಷ್ಟೇ. ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

ಗಾಡಿ ತರೀಕೆರೆಯ ಕಡೆಗೆ ಓಡುತ್ತಿತ್ತು. ದುರ್ಗಮ್ಮನ ಮೂಗಿಗೆ ಮಾಸ್ಕ್ ಹಾಕಿದ್ದರು, ತುಟಿಗೆ ಬಣ್ಣ ಮರಳುತ್ತಿತ್ತು. ಮಾಲಿನಿಯೂ ಶಶಿಯೂ ಒಂದೇ ಬೆಂಚಿನ ಮೇಲೆ ನಡುವೆ ಒಬ್ಬರ ಜಾಗ ಬಿಟ್ಟು ಕೂತಿದ್ದರು.

"ಅನುಪಮಾ ಸೀಟು..." ಎಂದಳು ಮಾಲಿನಿ, ಅತ್ತೆಯ ಸೆರಗು ಸರಿಮಾಡುತ್ತಾ.

"ಸಿಕ್ತು ಬಿಡಿ ಅತ್ತಿಗೆ," ಎಂದ ಶಶಿ, ಕಿಟಕಿಯ ಕಡೆ ನೋಡುತ್ತಾ.

ನರ್ಸ್ ಹುಡುಗಿ ಫಾರಂ ತೆಗೆದಳು. "ಅಡ್ರೆಸ್ ಹೇಳಿ."

"ಈರಭದ್ರಪ್ಪ ರಸ್ತೆ," ಎಂದರು ಇಬ್ಬರೂ ಒಟ್ಟಿಗೇ.

"ಅದು ಗೊತ್ತಾಯ್ತು. ಎರಡಿದಾವಲ್ಲ, ಯಾವ ಈರಭದ್ರಪ್ಪ?"

ಮಾಲಿನಿ ಶಶಿಯ ಮುಖ ನೋಡಿದಳು, ಶಶಿ ಅತ್ತಿಗೆಯ ಮುಖ ನೋಡಿದ. ದುರ್ಗಮ್ಮ ಮಾಸ್ಕನ್ನು ಒಂದಿಷ್ಟು ಸರಿಸಿದಳು.

"ನಂಗಿದ್ದಿದ್ದು ಒಬ್ನೇ ಗಂಡ ಕಣವ್ವಾ," ಎಂದಳು.